ಹೆಂಚಿನ ಮನೆಯಲ್ಲೊಂದು ಕೆಂಪು ಪೆಟ್ಟಿಗೆ: ಸ್ಕಾರ್ಲೆಟ್ ಸೋಲೋ ಬಳಸಿದ ಮೇಲೆ

ಚಿಕ್ಕಮಗಳೂರಿನ ನಮ್ಮ ಹೆಂಚಿನ ಮನೆಯ ಒಳಕೋಣೆಯಲ್ಲಿ ಕುಳಿತು ದೇವರನಾಮ, ಭಾವಗೀತೆಗಳನ್ನು ಹಾಡಿ ಮುದ್ರಿಸಿಕೊಳ್ಳುವುದು ನನ್ನ ಹವ್ಯಾಸ. ಮೈಕನ್ನು ಕಂಪ್ಯೂಟರಿಗೆ ಜೋಡಿಸಲು ಎರಡು ಮಳೆಗಾಲಗಳಿಂದ ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ ಸೋಲೋ ಎಂಬ ಪುಟ್ಟ ಕೆಂಪು ಪೆಟ್ಟಿಗೆಯನ್ನು ಬಳಸುತ್ತಿದ್ದೇನೆ. ನನ್ನದು 2019ರಲ್ಲಿ ಬಂದ ಮೂರನೇ ಪೀಳಿಗೆಯದು. 2023ರಲ್ಲಿ ನಾಲ್ಕನೆಯದೂ ಮಾರುಕಟ್ಟೆಗೆ ಬಂದಿದೆ.

ಬರೀ ಕೇಬಲ್ಲಿನಿಂದ ಮೈಕನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಲದೇ ಎನ್ನುವವರಂತೆ, ಇದನ್ನು ಕೊಳ್ಳುವ ಮುನ್ನ ನಾನೂ ಅಗ್ಗದ ದಾರಿಯನ್ನೇ ಹಿಡಿದಿದ್ದೆ. ಗಣೇಶೋತ್ಸವದ ವೇದಿಕೆಗಳಲ್ಲಿ ಎಲ್ಲರೂ ಕಂಡಿರುವ ಶೂರ್ ಎಸ್‌ಎಂ58 ಮೈಕು ಮನೆಯಲ್ಲಿತ್ತು. ಅದರ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ತುದಿಯನ್ನು 3.5 ಮಿ.ಮೀ. ಜಾಕಿಗೆ ಇಳಿಸುವ ಕೇಬಲ್ಲೊಂದನ್ನು ತಂದು ಹಳೆಯ ಡೆಸ್ಕ್‌ಟಾಪಿನ ಹಿಂಬದಿಯ ನೀಲಿ ಕಿಂಡಿಗೆ ಸಿಕ್ಕಿಸಿದೆ. ಧ್ವನಿ ಕ್ಷೀಣವಾಗಿತ್ತು, ಸಾಫ್ಟ್‌ವೇರಿನಲ್ಲಿ ಎತ್ತರಿಸಿದರೆ ಅದರೊಂದಿಗೆ ಸುಯ್ ಎನ್ನುವ ಸದ್ದೂ ಎದ್ದಿತು. ಅದಕ್ಕಿಂತ ವಿಚಿತ್ರವೆಂದರೆ, ಇಯರ್‌ಫೋನಿನಲ್ಲಿ ಕೇಳುತ್ತಿದ್ದ ನನ್ನ ಹಾಡು ಒಂದೇ ಸ್ಪೀಕರಿನ ಮೊಬೈಲಿನಲ್ಲಿ ಮಾಯವಾಗಿ ಬರೀ ಸುಯ್‌ಗುಟ್ಟುವಿಕೆ ಉಳಿಯಿತು! ಕಾರಣ ತಿಳಿಯಲು ಒಂದು ವಾರ ಹಿಡಿಯಿತು. ಮೈಕಿನ ಎರಡನೆಯ ಮತ್ತು ಮೂರನೆಯ ಪಿನ್ನುಗಳಲ್ಲಿ ಒಂದೇ ಧ್ವನಿ ಪರಸ್ಪರ ತಲೆಕೆಳಗಾಗಿ ಹರಿಯುತ್ತದೆ. ಆ ಕೇಬಲ್ಲು ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಕಳುಹಿಸುತ್ತಿದ್ದುದರಿಂದ, ಎರಡೂ ಕೂಡಿದೊಡನೆ ಒಂದನ್ನೊಂದು ಅಳಿಸಿಹಾಕುತ್ತಿದ್ದವು.

ಸೋಲೋ ಪೆಟ್ಟಿಗೆಯು ಆ ಎರಡು ಧ್ವನಿಗಳ ವ್ಯತ್ಯಾಸವನ್ನು ತೆಗೆದುಕೊಂಡು, ಕೇಬಲ್ಲಿನ ದಾರಿಯಲ್ಲಿ ಸೇರಿದ ಗದ್ದಲವನ್ನು ಕಳೆದು, ಉಳಿದುದನ್ನು ಹಿಗ್ಗಿಸಿ, ಅಂಕಿಗಳನ್ನಾಗಿಸಿ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೊಡುತ್ತದೆ. ವಿದ್ಯುತ್ತೂ ಅದೇ ಯುಎಸ್‌ಬಿಯಿಂದ ಸಿಗುವುದರಿಂದ, ಆಷಾಢದಲ್ಲಿ ಕರೆಂಟು ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಹಾಡಬಹುದು. ಚಾರ್ಜರ್ ಸಿಕ್ಕಿಸಿದಾಗ ಕೇಳುತ್ತಿದ್ದ ಗುಂಯ್ ಸದ್ದು ನಮ್ಮ ಹಳೆಯ ವೈರಿಂಗಿನ ಅರ್ಥಿಂಗ್ ದೋಷವೇ ಹೊರತು ಪೆಟ್ಟಿಗೆಯದಲ್ಲ; ಚಾರ್ಜರ್ ಕಿತ್ತೊಡನೆ ಅದು ನಿಂತಿತು.

ಧ್ವನಿಯನ್ನು ಎಷ್ಟು ಹಿಗ್ಗಿಸಬೇಕೆಂದು ಹೊಂದಿಸುವ ಗೇನ್ ತಿರುಪಿನ ಸುತ್ತಲಿನ ಬೆಳಕು ಹಸಿರಾಗಿದ್ದರೆ ಸರಿ, ಕೆಂಪಾದರೆ ಧ್ವನಿ ಒಡೆಯುತ್ತಿದೆ ಎಂದರ್ಥ. ತಾರಸ್ಥಾಯಿಯ ಅತಿ ಜೋರಾದ ಸ್ವರವನ್ನು ಮೊದಲು ಹಾಡಿ, ಪರದೆಯ ಮೀಟರು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವಂತೆ ಹೊಂದಿಸಿಕೊಳ್ಳುತ್ತೇನೆ. ಎಸ್‌ಎಂ58 ಹೊರಗಿನ ವಿದ್ಯುತ್ ಬೇಡದ ಡೈನಮಿಕ್ ಬಗೆಯ ಮೈಕಾದ್ದರಿಂದ ಅದು ಕೊಡುವ ಸಂಕೇತವೇ ಸಣ್ಣದು. 56 ಡೆಸಿಬೆಲ್ ಗೇನಿನ ಈ ತಿರುಪನ್ನು ಮುಕ್ಕಾಲು ದಾಟಿಸಲೇಬೇಕಾಗುತ್ತದೆ. ಹೆಚ್ಚು ಸೂಕ್ಷ್ಮವಾದ ಕಂಡೆನ್ಸರ್ ಬಗೆಯ ಮೈಕಿಗೆ ಬೇಕಾದ 48 ವೋಲ್ಟ್ ವಿದ್ಯುತ್ ಕೊಡುವ ಗುಂಡಿ ಇದರಲ್ಲಿದೆಯಾದರೂ ನಾನು ಆ ಗೋಜಿಗೆ ಹೋಗಿಲ್ಲ. ಹೆಂಚಿನ ಮೇಲೆ ಮಳೆ ಸುರಿಯುವಾಗ ಕಂಡೆನ್ಸರ್ ಮೈಕು ಹಾಡಿನ ಜೊತೆಗೆ ಮಳೆಯನ್ನೂ ಅಚ್ಚುಕಟ್ಟಾಗಿ ಮುದ್ರಿಸಿಬಿಡುತ್ತದೆ! ಡೈನಮಿಕ್ ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರದಲ್ಲಿಟ್ಟರೆ ಮಳೆ ಬಹಳಷ್ಟು ಹಿಂದೆ ಸರಿಯುತ್ತದೆ. ಅದಕ್ಕಿಂತ ಹತ್ತಿರ ಬಂದರೆ ಮಾತ್ರ ಮಂದ್ರದ ಸ್ವರಗಳು ಅಸಹಜವಾಗಿ ದಪ್ಪವಾಗುತ್ತವೆ.

ಹೊಸಬರು ಎಡವುವುದು ಸಾಫ್ಟ್‌ವೇರಿನಲ್ಲಿ. ವಿಂಡೋಸ್ ಬಳಸುವವರು ಮೊದಲು ಕಂಪನಿಯ ಡ್ರೈವರನ್ನು ಹಾಕಿಕೊಳ್ಳಬೇಕು. ಹಾಡು ಮುದ್ರಿಸುವ ಸಾಫ್ಟ್‌ವೇರಾದ ಅಡಾಸಿಟಿಯಲ್ಲಿ ಸ್ಟೀರಿಯೋ ಬದಲು ಮೋನೋ ಆರಿಸದಿದ್ದರೆ ಹಾಡು ಒಂದೇ ಕಿವಿಯಲ್ಲಿ ಕೇಳುತ್ತದೆ. ಶ್ರುತಿಯ ಟ್ರ್ಯಾಕ್ ಕೇಳಿಕೊಂಡು ಹಾಡುವಾಗ ನಮ್ಮ ಧ್ವನಿಯು ಕಂಪ್ಯೂಟರನ್ನು ಸುತ್ತಿ ತಡವಾಗಿ ಕಿವಿಗೆ ಬಂದರೆ ತಾಳ ತಪ್ಪುವುದು ಖಂಡಿತ. ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದರೆ ಧ್ವನಿ ಪೆಟ್ಟಿಗೆಯಿಂದಲೇ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ನನ್ನ ಮಟ್ಟಿಗೆ ಕೊಟ್ಟ ಹಣ ವಸೂಲಾದದ್ದು ಈ ಒಂದು ಗುಂಡಿಯಿಂದಲೇ. ಆಗ ಸಾಫ್ಟ್‌ವೇರು ನಮ್ಮ ಧ್ವನಿಯನ್ನು ಮರಳಿ ಕೇಳಿಸುವ ಮಾನಿಟರಿಂಗನ್ನು ನಿಲ್ಲಿಸಲು ಮರೆಯಬಾರದು, ಇಲ್ಲವಾದರೆ ಧ್ವನಿ ಎರಡೆರಡಾಗಿ ಕೇಳಿಸುತ್ತದೆ.

ಮೈಕಿಗೆ ಇರುವುದು ಒಂದೇ ಕಿಂಡಿ. ಇನ್ನೊಂದು ಗಿಟಾರಿನಂಥ ವಾದ್ಯವನ್ನು ನೇರವಾಗಿ ಸಿಕ್ಕಿಸಲು ಇದೆಯೇ ಹೊರತು ಮೈಕಿಗಲ್ಲ. ಹೀಗಾಗಿ ತಂಗಿ ಹಾರ್ಮೋನಿಯಂ ನುಡಿಸಲು ಬಂದಾಗ ಮೊದಲು ಅವಳದನ್ನು ಮುದ್ರಿಸಿ, ಆಮೇಲೆ ಅದನ್ನು ಕೇಳುತ್ತಾ ನಾನು ಹಾಡುತ್ತೇನೆ. ಇಬ್ಬರೂ ಒಟ್ಟಿಗೇ ಕೂರಬೇಕೆನ್ನುವವರು ಎರಡು ಮೈಕಿನ ಸ್ಕಾರ್ಲೆಟ್ 2ಐ2 ಕೊಳ್ಳುವುದು ಸರಿ.