ಶನಿವಾರ ಕರಡು, ಭಾನುವಾರ ಕರಾರು: ಧಾರವಾಡದ ಒಂದು ಲೇಖಕರ ಕಮ್ಮಟ

ಕಳೆದ ತಿಂಗಳು ಧಾರವಾಡದಲ್ಲಿ ನಡೆದ ಎರಡು ದಿನಗಳ ಲೇಖಕರ ಕಮ್ಮಟವೊಂದಕ್ಕೆ 3,500 ರೂಪಾಯಿ ಶುಲ್ಕ ಕಟ್ಟಿ ಹೋಗಿಬಂದೆ. ಬರವಣಿಗೆಯ ಕಸುಬನ್ನೂ ಪುಸ್ತಕದ ವ್ಯವಹಾರವನ್ನೂ ಲೇಖಕರ ಬಾಯಿಂದಲೇ ಕೇಳಿಸುತ್ತೇವೆ ಎಂಬುದು ಆಯೋಜಕರ ಕರಪತ್ರದಲ್ಲಿದ್ದ ಭರವಸೆ. ಎಂಟು ವರ್ಷಗಳ ಹಿಂದೆ ಒಂದು ಕಥಾಸಂಕಲನ ತಂದು, ಅದರ ನೂರೆಪ್ಪತ್ತು ಪ್ರತಿಗಳನ್ನು ಇಂದಿಗೂ ಮಂಚದ ಕೆಳಗೆ ಇಟ್ಟುಕೊಂಡಿರುವ ನನ್ನಂಥವಳಿಗೆ ಆ ಎರಡನೆಯ ಭಾಗದ ಆಸೆಯೇ ಹೆಚ್ಚಾಗಿತ್ತು. ಆಯೋಜಕ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಕಮ್ಮಟಗಳು ಈಗ ಊರೂರಿನಲ್ಲಿ ನಡೆಯುತ್ತಿರುವುದರಿಂದ, ಹಣ ಕಟ್ಟುವ ಮೊದಲು ಏನನ್ನು ನೋಡಬೇಕು ಎಂದು ಯೋಚಿಸುತ್ತಿರುವವರಿಗೆ ಹೆಸರಿಗಿಂತ ವಿವರಗಳೇ ಹೆಚ್ಚು ಉಪಯೋಗವಾದಾವು.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಇಬ್ಬರಿಗೆ ಒಂದು ಕೋಣೆ, ಬಿಸಿನೀರು ಬೆಳಿಗ್ಗೆ ಏಳರವರೆಗೆ ಮಾತ್ರ. ಮಧ್ಯಾಹ್ನದ ಊಟಕ್ಕೆ ಕಟಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಊಟದ ವಿಷಯದಲ್ಲಿ ದೂರಲು ಏನೂ ಇರಲಿಲ್ಲ. ಸಭಾಂಗಣದ ಮೈಕು ಮಾತ್ರ ಶನಿವಾರ ಇಡೀ ದಿನ ಕಿರುಗುಟ್ಟಿತು. ಸುಮಾರು ನಲವತ್ತು ಮಂದಿ ಇದ್ದೆವು: ಶಿಕ್ಷಕಿಯರು, ನಿವೃತ್ತ ಬ್ಯಾಂಕ್ ನೌಕರರು, ಇಬ್ಬರು ಪೊಲೀಸರು, ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ನಾಲ್ಕಾರು ಸಾಫ್ಟ್‌ವೇರ್ ಹುಡುಗರು.

ಶನಿವಾರದ ಮೊದಲ ಗೋಷ್ಠಿ ನಾನು ಇದುವರೆಗೆ ಕೇಳಿದ ಸಾಹಿತ್ಯದ ಮಾತುಗಳಲ್ಲೆಲ್ಲ ಹೆಚ್ಚು ಉಪಯುಕ್ತವಾದದ್ದು. ಅದಕ್ಕೆ ಕಾರಣ, ಅದನ್ನು ನಡೆಸಿಕೊಟ್ಟ ಹಿರಿಯ ಕಾದಂಬರಿಕಾರರು ಸ್ಫೂರ್ತಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ತಮ್ಮದೇ ಹಸ್ತಪ್ರತಿಯ ಎರಡು ಪುಟಗಳನ್ನು, ಕೆಂಪು ಶಾಯಿಯ ಗೀಚು, ಬಾಣ, ಅಂಚಿನ ಟಿಪ್ಪಣಿಗಳ ಸಮೇತ ಪರದೆಯ ಮೇಲೆ ಹಾಕಿ, ಪ್ರತಿಯೊಂದು ಗೀಚಿಗೂ ಕಾರಣ ಹೇಳುತ್ತ ಹೋದರು. ಮುದ್ರಿತ ಪುಸ್ತಕವನ್ನು ಎಷ್ಟು ಸಲ ಓದಿದರೂ ಲೇಖಕ ಹೊಡೆದುಹಾಕಿದ್ದು ನಮಗೆ ಕಾಣುವುದಿಲ್ಲ. ಹೊಡೆದುಹಾಕಿದ ಸಾಲುಗಳಲ್ಲಿ ಚೆಂದದ ಸಾಲುಗಳೇ ಹೆಚ್ಚಿದ್ದುದನ್ನು ನೋಡಿ ಸಭೆಯಲ್ಲಿ ಒಂದು ಬಗೆಯ ಮೌನ ಕವಿಯಿತು.

ಅವರು ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತದ್ದು ಕ್ರಿಯಾಪದದ ಕೊನೆಯ ಒಂದು ಅಕ್ಷರದ ಮೇಲೆ. ಕನ್ನಡದಲ್ಲಿ ಕಥೆ ಹೇಳುವವನು ‘ಬಂದಳು’ ಎನ್ನಬೇಕೋ ‘ಬಂದರು’ ಎನ್ನಬೇಕೋ ಎಂಬುದನ್ನು ಮೊದಲ ಸಾಲಿನಲ್ಲೇ ತೀರ್ಮಾನಿಸಬೇಕಾಗುತ್ತದೆ. ತೀರ್ಮಾನಿಸಿದೊಡನೆ ಆ ಪಾತ್ರಕ್ಕೂ ನಿರೂಪಕನಿಗೂ ನಡುವಿನ ಅಂತರ ನಿಗದಿಯಾಗಿಬಿಡುತ್ತದೆ. ಅವರ ಆ ಕಾದಂಬರಿಯ ಮೊದಲ ಕರಡಿನಲ್ಲಿ ಮನೆಯೊಡತಿಗೆ ಎಲ್ಲ ಕಡೆಯೂ ‘ಹೇಳಿದರು’, ‘ಎದ್ದರು’ ಎಂದಿತ್ತಂತೆ. ಅದೇ ಮನೆಗೆ ಮುಸುರೆ ತಿಕ್ಕಲು ಬರುವ, ವಯಸ್ಸಿನಲ್ಲಿ ಅವಳಿಗಿಂತ ಹಿರಿಯಳಾದ ಹೆಂಗಸಿಗೆ ಮಾತ್ರ ‘ಹೇಳಿದಳು’, ‘ಎದ್ದಳು’. ನಿರೂಪಕ ಆ ಮನೆಯ ಹುಡುಗನಾಗಿದ್ದರೆ ಅದು ಸರಿಯೇ, ಹುಡುಗನ ಕಣ್ಣಿಗೆ ಲೋಕ ಹಾಗೆಯೇ ಕಂಡಿರುತ್ತದೆ. ಆದರೆ ನಿರೂಪಕ ಊರಿನ ಯಾರೂ ಅಲ್ಲದೆ ಬರೇ ಕಥೆ ಹೇಳುವವನಾಗಿದ್ದರೆ, ಈ ‘ರು’ ಮತ್ತು ‘ಳು’ ಹಂಚಿದವರು ಯಾರು? ಅದು ಪಾತ್ರಗಳ ಜಾತಿ ಮರ್ಯಾದೆಯಲ್ಲ, ಬರೆಯುವವನ ಕೈಯ ರೂಢಿ, ಎಂದು ಅವರು ಹೇಳಿದಾಗ ನನ್ನ ಸಂಕಲನದ ಹನ್ನೊಂದು ಕಥೆಗಳೂ ಕಣ್ಣಮುಂದೆ ಸಾಲಾಗಿ ಹಾದುಹೋದವು. ಅವುಗಳಲ್ಲಿ ಕೆಲಸದವರಿಗೆ ಬಹುವಚನ ಕೊಟ್ಟ ಕಥೆ ಒಂದೂ ಇರಲಿಲ್ಲ.

ಊಟದ ನಂತರದ ಗೋಷ್ಠಿಯನ್ನು ನಡೆಸಿದ ಕಥೆಗಾರ್ತಿಯೊಬ್ಬರು ನಮ್ಮ ನಮ್ಮ ಬರಹದಿಂದ ಒಂದೊಂದು ವಾಕ್ಯ ಕೇಳಿ ಪಡೆದು ಕರಿಹಲಗೆಯ ಮೇಲೆ ತಿದ್ದಿದರು. ನಾನು ಕೊಟ್ಟದ್ದು ಇದು: ‘ಸಂಜೆಯ ತಂಪಾದ ಗಾಳಿ ಬೀಸುತ್ತಿರಲು, ಹೇಳತೀರದ ದುಃಖವನ್ನು ಎದೆಯಲ್ಲಿ ಹೊತ್ತ ಸರೋಜಮ್ಮ ಭಾರವಾದ ಹೆಜ್ಜೆಗಳನ್ನಿಡುತ್ತ ಬಾಗಿಲ ಬಳಿ ಬಂದು ನಿಂತಳು.’ ಅವರು ಯಾವ ಟೀಕೆಯನ್ನೂ ಮಾಡದೆ ‘ಬಾಗಿಲು ಹಾಕಿತ್ತೇನು, ತೆಗೆದಿತ್ತೇನು?’ ಎಂದಷ್ಟೇ ಕೇಳಿದರು. ನನಗೆ ಗೊತ್ತಿರಲಿಲ್ಲ. ಎಂಟು ವರ್ಷದ ಹಿಂದೆ ನಾನೇ ಬರೆದ ಬಾಗಿಲು ಅದು. ಕೊನೆಗೆ ಹಲಗೆಯ ಮೇಲೆ ಉಳಿದದ್ದು, ‘ಸರೋಜಮ್ಮ ಬಾಗಿಲಿಗೆ ಬಂದಳು. ಚಿಲಕ ಹಾಕಲಿಲ್ಲ.’ ದುಃಖ ಎಂಬ ಪದ ಹೋಗಿತ್ತು, ದುಃಖ ಅಲ್ಲಿಯೇ ಇತ್ತು.

ಎಲ್ಲವನ್ನೂ ಚಿಕ್ಕ ವಾಕ್ಯ ಮಾಡುವುದೇ ಅವರ ಪಾಠವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ‘ಎದ್ದು, ಮುಖ ತೊಳೆದು, ದನಕ್ಕೆ ಹುಲ್ಲು ಹಾಕಿ, ಒಲೆ ಹಚ್ಚಿ’ ಎಂದು ಕ್ರಿಯೆಗಳನ್ನು ಒಂದಕ್ಕೊಂದು ಪೋಣಿಸುತ್ತ ಹೋಗುವುದು ಕನ್ನಡದ ಸಹಜ ನಡಿಗೆ, ಅದನ್ನು ಪೂರ್ಣವಿರಾಮ ಹಾಕಿ ಕತ್ತರಿಸಿದರೆ ಬೆಳಗಿನ ಅವಸರವೇ ಸತ್ತುಹೋಗುತ್ತದೆ ಎಂದರು. ಆದರೆ ಆ ಸರಕ್ಕೆ ಕರ್ತೃ ಒಬ್ಬನೇ ಇರಬೇಕು, ನಡುವೆ ಇನ್ನೊಬ್ಬ ನುಸುಳಿದರೆ ವಾಕ್ಯ ಯಾರದೆಂದೇ ತಿಳಿಯುವುದಿಲ್ಲ. ಸಂಭಾಷಣೆಯಲ್ಲಿ ಪ್ರಾದೇಶಿಕ ನುಡಿಯನ್ನು ಎಷ್ಟು ಬಳಸಬೇಕು ಎಂಬ ಚರ್ಚೆ ಮಾತ್ರ ಧಾರವಾಡದವರು ಮತ್ತು ಮಂಗಳೂರಿನವರ ನಡುವಿನ ಪ್ರೀತಿಯ ಜಗಳವಾಗಿ, ಎಲ್ಲಿಗೂ ಮುಟ್ಟದೆ ಚಹಾದ ಹೊತ್ತಿಗೆ ನಿಂತಿತು.

ಅದೇ ಸಂಜೆ ಕಾದಂಬರಿಕಾರರನ್ನು ಹಿಂದಿನ ಸಾಲಿನ ಯುವಕನೊಬ್ಬ, ‘ಸರ, ಬರೆಯೂದರಿಂದ ಹೊಟ್ಟಿ ತುಂಬತದೇನ್ರಿ?’ ಎಂದು ಕೇಳಿದ. ‘ನಂದು ಬ್ಯಾಂಕ್ ನೌಕರಿ ಇತ್ತಪಾ, ಅದರಿಂದ ತುಂಬ್ತು’ ಎಂದರು ಅವರು. ಎಲ್ಲರೂ ನಕ್ಕರು. ಆಮೇಲೆ ಅವರು ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದ್ದನ್ನೂ, 1933ರಲ್ಲಿ ಇದೇ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ನೆಚ್ಚಿಕೊಂಡು ಪುಸ್ತಕ ತಂದದ್ದನ್ನೂ ನೆನಪಿಸಿಕೊಂಡರು. ಓದುಗರನ್ನು ಮೊದಲು ಹುಡುಕಿ ಪುಸ್ತಕವನ್ನು ನಂತರ ಅಚ್ಚು ಮಾಡುವ ಆ ಕ್ರಮವನ್ನು ಇಂದು ಮುಂಗಡ ಬುಕಿಂಗ್ ಎಂಬ ಹೆಸರಿನಲ್ಲಿ ಹೊಸದಾಗಿ ಕಂಡುಹಿಡಿದಂತೆ ಮಾತಾಡುವವರು ಗ್ರಂಥಮಾಲೆಯ ಕಚೇರಿಯ ಅಟ್ಟವನ್ನು ಒಮ್ಮೆ ಹತ್ತಿಬರಬೇಕು.

ಭಾನುವಾರ ಬೆಳಿಗ್ಗೆ ಪ್ರಕಟಣೆಯ ವ್ಯವಹಾರದ ಗೋಷ್ಠಿ. ವಕೀಲರೂ ಅನುವಾದಕರೂ ಆದವರೊಬ್ಬರು ಬಂದಿದ್ದರು. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 19ನೆಯ ಸೆಕ್ಷನ್ನನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ ಎಲ್ಲರಿಗೂ ಹಂಚಿದರು. 3,500 ರೂಪಾಯಿಯಲ್ಲಿ ಅರ್ಧ ಆ ಹಾಳೆಗೇ ಸಂದಿತು ಎಂದರೆ ತಪ್ಪಿಲ್ಲ. ಹಕ್ಕಿನ ವರ್ಗಾವಣೆ ಬರಹದಲ್ಲಿ ಇಲ್ಲದಿದ್ದರೆ, ಇದ್ದೂ ಕೊಡುವವರ ಸಹಿ ಇಲ್ಲದಿದ್ದರೆ, ಅದಕ್ಕೆ ಬೆಲೆಯೇ ಇಲ್ಲ. ಕರಾರಿನಲ್ಲಿ ಅವಧಿ ಬರೆದಿರದಿದ್ದರೆ ಅದು ಐದು ವರ್ಷ ಎಂದೇ ಅರ್ಥ. ಪ್ರದೇಶ ಬರೆದಿರದಿದ್ದರೆ ಭಾರತಕ್ಕೆ ಮಾತ್ರ ಸೀಮಿತ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಬಳಸದ ಹಕ್ಕು ಬಿದ್ದುಹೋಗುತ್ತದೆ. 2012ರ ತಿದ್ದುಪಡಿಯ ನಂತರ, ಕರಾರು ಮಾಡಿಕೊಂಡ ಕಾಲಕ್ಕೆ ಇಲ್ಲದಿದ್ದ ಅಥವಾ ವ್ಯಾಪಾರದ ಬಳಕೆಯಲ್ಲಿರದಿದ್ದ ಮಾಧ್ಯಮಕ್ಕೆ ಆ ಕರಾರು, ಅದನ್ನು ಹೆಸರಿಸಿ ಬರೆಯದ ಹೊರತು, ಅನ್ವಯಿಸುವುದಿಲ್ಲ.

ನನ್ನ ಸಂಕಲನಕ್ಕೆ ಕರಾರೇ ಇರಲಿಲ್ಲ. ಪ್ರಕಾಶಕರು ಫೋನಿನಲ್ಲಿ ‘ನಾವು ಮಾಡ್ತೀವಿ ಬಿಡಿ ಮೇಡಂ’ ಎಂದಿದ್ದರು, ಇಪ್ಪತ್ತೈದು ಗೌರವಪ್ರತಿ ಕಳಿಸಿದ್ದರು, ಎರಡು ವರ್ಷದ ನಂತರ ಉಳಿದ ಪ್ರತಿಗಳನ್ನು ಅರ್ಧ ಬೆಲೆಗೆ ನನಗೇ ಮಾರಿದ್ದರು. ಇಷ್ಟು ವರ್ಷ ನಾನು ಆ ಕಥೆಗಳನ್ನು ಬೇರೆಯವರಿಗೆ ಕೊಡಲು ಅವರ ಅನುಮತಿ ಬೇಕೆಂದು ಭಾವಿಸಿ, ಕೇಳಲು ಸಂಕೋಚಪಟ್ಟು, ಆಡಿಯೊ ಪುಸ್ತಕ ಮಾಡುತ್ತೇವೆ ಎಂದು ಬಂದ ಒಂದು ಕೋರಿಕೆಯನ್ನೂ ಬಿಟ್ಟುಕೊಟ್ಟಿದ್ದೆ. ಹಾಳೆಯ ಮೊದಲ ಸಾಲನ್ನು ಎರಡು ಸಲ ಓದಿದೆ. ಹಕ್ಕು ನನ್ನ ಬಳಿಯೇ ಇತ್ತು.

ರಾಯಧನದ, ಅಂದರೆ ರಾಯಲ್ಟಿಯ, ಲೆಕ್ಕವನ್ನೂ ವಕೀಲರು ಹಲಗೆಯ ಮೇಲೆಯೇ ಮಾಡಿ ತೋರಿಸಿದರು. ಪುಸ್ತಕದ ಮುಖಬೆಲೆ 150 ರೂಪಾಯಿ, ರಾಯಧನ ಶೇ 10 ಎಂದಿಟ್ಟುಕೊಳ್ಳಿ. ಮುಖಬೆಲೆಯ ಮೇಲಾದರೆ ಪ್ರತಿಗೆ 15 ರೂಪಾಯಿ. ಅಂಗಡಿಗೆ ಶೇ 40 ರಿಯಾಯಿತಿ ಹೋದ ಮೇಲೆ ಪ್ರಕಾಶಕರ ಕೈಗೆ ಬರುವ 90 ರೂಪಾಯಿಯ ಮೇಲಾದರೆ 9 ರೂಪಾಯಿ. ಐನೂರು ಪ್ರತಿಯೂ ಮಾರಾಟವಾದರೆ ಮೊದಲನೆಯದು 7,500, ಎರಡನೆಯದು 4,500. ಕರಾರಿನಲ್ಲಿ ‘ಶೇ 10’ ಎಂದಷ್ಟೇ ಬರೆದಿದ್ದರೆ ಯಾವುದರ ಶೇ 10 ಎಂದು ಕೇಳುವುದಕ್ಕೆ ನಾಚಿಕೊಳ್ಳಬಾರದು ಎಂದರು. ಹೇಳಿಕೇಳಿ ಕನ್ನಡದ ಲೇಖಕರು ಹಣದ ಮಾತೆತ್ತಲು ಮದುವೆಮನೆಯಲ್ಲಿ ಎರಡನೆಯ ಸಲ ಹೋಳಿಗೆ ಕೇಳುವಷ್ಟು ನಾಚುವವರು.

ಇಲ್ಲಿ ಕಾದಂಬರಿಕಾರರು ಎದ್ದು ಒಂದು ವಿಷಯ ಸೇರಿಸಿದರು. ಡೆಮಿ 1/8 ಅಳತೆಯ ಪುಸ್ತಕ ಹದಿನಾರು ಪುಟದ ಫಾರಂಗಳಲ್ಲಿ ಅಚ್ಚಾಗುತ್ತದೆ. ಅವರ ಕಾದಂಬರಿಯೊಂದು ಪುಟವಿನ್ಯಾಸವಾದಾಗ 147 ಪುಟ ಬಂದಿತ್ತು. ಒಂಬತ್ತು ಫಾರಂ ಎಂದರೆ 144. ಮೂರು ಪುಟಕ್ಕಾಗಿ ಇನ್ನರ್ಧ ಫಾರಂ ಹಾಕಲು ಪ್ರಕಾಶಕರು ಒಪ್ಪಲಿಲ್ಲ, ಇವರು ಒಂದು ರಾತ್ರಿ ಕೂತು ಮೂರು ಪುಟ ಕಡಿದರು. ಎರಡು ಪುಟ ಹೋದದ್ದು ಒಳ್ಳೆಯದೇ ಆಯಿತಂತೆ. ಮೂರನೆಯ ಪುಟದ ಬಗ್ಗೆ ಇಂದಿಗೂ ಸಂಕಟವಿದೆಯಂತೆ. ಎರಡು ದಿನಗಳಲ್ಲಿ ಕಸುಬು ಮತ್ತು ವ್ಯವಹಾರ ಒಂದೇ ಮೇಜಿನ ಮೇಲೆ ಬಂದದ್ದು ಈ ಐದು ನಿಮಿಷ ಮಾತ್ರ. ಆಯೋಜಕರು ಮೊದಲನೆಯದನ್ನು ಶನಿವಾರಕ್ಕೂ ಎರಡನೆಯದನ್ನು ಭಾನುವಾರಕ್ಕೂ ಹಂಚಿ ನಡುವೆ ಗೋಡೆ ಕಟ್ಟಿದ್ದೇ ಈ ಕಮ್ಮಟದ ದೊಡ್ಡ ದೋಷ ಎಂದು ನನಗನ್ನಿಸುತ್ತದೆ. ಬರೆಯುವವರ ಬದುಕಿನಲ್ಲಿ ಅವೆರಡೂ ಬೇರೆಬೇರೆ ದಿನ ಬರುವುದಿಲ್ಲ.

ಇನ್ನು ಭಾನುವಾರ ಮಧ್ಯಾಹ್ನ. ‘ನಿಮ್ಮ ಪುಸ್ತಕ, ನಿಮ್ಮ ಕೈಯಲ್ಲಿ’ ಎಂಬ ಗೋಷ್ಠಿಗೆ ಲೇಖಕರು ಯಾರೂ ಇರಲಿಲ್ಲ. ಆಯೋಜಕರ ಬಳಗದ್ದೇ ಆದ ಸ್ವಯಂಪ್ರಕಟಣೆಯ ವಿಭಾಗದವರು ಮೂರು ದರ್ಜೆಯ ಪ್ಯಾಕೇಜುಗಳ ಬಣ್ಣದ ಪಟ್ಟಿ ಹಂಚಿದರು. ಅದರಲ್ಲಿ ಐಎಸ್‌ಬಿಎನ್‌ಗೆ 1,500 ರೂಪಾಯಿ ಎಂದು ಬರೆದಿತ್ತು. ಭಾರತದಲ್ಲಿ ಪುಸ್ತಕವನ್ನು ಗುರುತಿಸುವ ಹದಿಮೂರು ಅಂಕಿಗಳ ಈ ಸಂಖ್ಯೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ಅಧೀನದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ, ಲೇಖಕರೇ ನೇರವಾಗಿ ಅರ್ಜಿ ಹಾಕಬಹುದು. ಅರ್ಜಿ ತುಂಬುವ ಶ್ರಮಕ್ಕೆ ಶುಲ್ಕ ಎಂದಿದ್ದರೆ ಒಪ್ಪುತ್ತಿದ್ದೆ, ಹಾಗೆ ಬರೆದಿರಲಿಲ್ಲ. ಕೃತಿಸ್ವಾಮ್ಯ ನೋಂದಣಿಗೂ ಒಂದು ದೊಡ್ಡ ಮೊತ್ತವಿತ್ತು. ಹಕ್ಕು ಹುಟ್ಟುವುದು ಬರೆದಾಗಲೇ, ನೋಂದಣಿ ಕಡ್ಡಾಯವಲ್ಲ ಎಂದು ಬೆಳಿಗ್ಗೆಯಷ್ಟೇ ವಕೀಲರು ಹೇಳಿಹೋಗಿದ್ದರು. ಅದನ್ನು ನೆನಪಿಸಿದ ಶಿಕ್ಷಕಿಯೊಬ್ಬರಿಗೆ ‘ಸೇಫ್ಟಿಗೆ ಇರಲಿ ಮೇಡಂ’ ಎಂಬ ಉತ್ತರ ಬಂತು.

ಪಟ್ಟಿಯ ಜೊತೆ ತೋರಿಸಿದ ಮಾದರಿ ಪುಸ್ತಕವನ್ನು ತಿರುವಿಹಾಕಿದೆ. ಮುಖಪುಟ ಚೆನ್ನಾಗಿತ್ತು, ಕಾಗದವೂ ಪರವಾಗಿಲ್ಲ. ಒಳಗೆ ‘ರ‍್ಯಾಂಕ್’ ಇರಬೇಕಾದ ಕಡೆಯೆಲ್ಲ ಬೇಡದ ಅರ್ಕಾವತ್ತು ಬಂದು ‘ರ್ಯಾಂಕ್’ ಆಗಿತ್ತು. ಯೂನಿಕೋಡಿನಲ್ಲಿ ಬೆರಳಚ್ಚಾದದ್ದನ್ನು ಡಿಟಿಪಿಗಾಗಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿಗೆ ಪರಿವರ್ತಿಸಿದಾಗ ಆಗುವ ಅವಾಂತರವಿದು. ಪರಿವರ್ತನೆಯ ನಂತರ ಒಬ್ಬರು ಮನುಷ್ಯರು ಕರಡು ನೋಡಿದ್ದರೆ ಸಿಕ್ಕಿಬೀಳುತ್ತಿತ್ತು. ಪಟ್ಟಿಯಲ್ಲಿ ಕರಡು ತಿದ್ದುವ ಸೇವೆ ಮೂರನೆಯ ದರ್ಜೆಯ ಪ್ಯಾಕೇಜಿಗೆ ಮಾತ್ರ ಇತ್ತು.

ಇ-ಪುಸ್ತಕಗಳ ಬಗ್ಗೆ ಹತ್ತು ನಿಮಿಷವೂ ಸಿಗಲಿಲ್ಲ. ಕಿಂಡಲ್ 2016ರ ಡಿಸೆಂಬರಿನಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂದು ಐದು ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಕನ್ನಡ ಹೊರಗುಳಿದದ್ದು, ನಂತರ ಮೈಲ್ಯಾಂಗ್‌ನಂಥ ಕನ್ನಡದ್ದೇ ಆ್ಯಪ್ ಬಂದದ್ದು, ಅಲ್ಲಿ ಲೇಖಕರಿಗೆ ಲೆಕ್ಕ ಹೇಗೆ ಬರುತ್ತದೆ ಎಂಬುದು, ಇವೆಲ್ಲ ನಮ್ಮ ಕಾಲದ ವ್ಯವಹಾರದ ಪ್ರಶ್ನೆಗಳು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನದ ಸುದ್ದಿಯನ್ನೂ ಯಾರೂ ಎತ್ತಲಿಲ್ಲ. ಬಣ್ಣದ ಪಟ್ಟಿ ಹಂಚುವವರು ಎತ್ತದಿದ್ದುದು ಆಶ್ಚರ್ಯವಲ್ಲ. ಸಾಫ್ಟ್‌ವೇರ್ ಹುಡುಗರಲ್ಲಿ ಇಬ್ಬರು ಅಲ್ಲಿಯೇ ಮುಂಗಡ ಕಟ್ಟಿದ್ದನ್ನು ನೋಡಿ ಇದನ್ನೆಲ್ಲ ಹೇಳಲೋ ಬೇಡವೋ ಎಂದು ತೊಳಲಾಡಿ, ಕೊನೆಗೆ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದೆ. ಆಗ ತಡವಾಗಿತ್ತು.

ಶುಲ್ಕದ ಲೆಕ್ಕದಲ್ಲಿ ಹೇಳುವುದಾದರೆ, ಶನಿವಾರದ ಎರಡು ಗೋಷ್ಠಿಗಳು ಮತ್ತು ಭಾನುವಾರ ಬೆಳಗಿನ ಆ ಒಂದು ಹಾಳೆಗಾಗಿ ನಾನು ಇದೇ ಹಣವನ್ನು ಮತ್ತೊಮ್ಮೆ ಕೊಟ್ಟೇನು. ಊರಿಗೆ ಬಂದ ಮೇಲೆ ಪ್ರಕಾಶಕರಿಗೆ ಒಂದು ಪುಟದ ಪತ್ರ ಬರೆದು ಅಂಚೆಯಲ್ಲಿ ಕಳಿಸಿದೆ. ಸರೋಜಮ್ಮನ ಕಥೆಯನ್ನು ಮತ್ತೆ ತೆಗೆದು, ಅವಳ ಮನೆಯ ಕೆಲಸದ ಗಿರಿಜವ್ವನಿಗೆ ‘ರು’ ಹಾಕುತ್ತ ಕೂತಿದ್ದೇನೆ. ಹಾಕಿದಂತೆಲ್ಲ ಕಥೆಯ ಉಳಿದ ವಾಕ್ಯಗಳೂ ಜಾಗ ಬದಲಿಸುತ್ತಿವೆ. ಮುಂದಿನ ಕಮ್ಮಟ ಬೇಸಿಗೆ ರಜೆಯಲ್ಲಂತೆ. ಭಾನುವಾರ ಮಧ್ಯಾಹ್ನವನ್ನು ಬಿಟ್ಟು ಉಳಿದದ್ದಕ್ಕಷ್ಟೇ ಹಣ ಕಟ್ಟಬಹುದೇ ಎಂದು ಆಯೋಜಕರಿಗೆ ಫೋನ್ ಮಾಡಿ ಕೇಳಿದೆ. ಹಾಗೆ ಬಿಡಿಬಿಡಿಯಾಗಿ ಕೊಡುವುದಿಲ್ಲ, ಅದೂ ಒಂದು ಪ್ಯಾಕೇಜ್ ಎಂದರು.