ನಿದ್ದೆಯ ಕರೆಂಟ್ ಅಳೆಯೋಕೆ ಯಾವುದು ವಾಸಿ: ಮಲ್ಟಿಮೀಟರ್, 1ಕೆ ರೆಸಿಸ್ಟರ್, ಕೆಪಾಸಿಟರ್, ಪಿಪಿಕೆ2

ನಿದ್ದೆಯ ಕರೆಂಟ್ ಅಂದರೆ ಚಿಪ್ ಕೆಲಸವಿಲ್ಲದೆ ಮಲಗಿರುವಾಗ ಬ್ಯಾಟರಿಯಿಂದ ಎಳೆಯುವ ಕರೆಂಟ್. ಸಿಆರ್2032 ಕಾಯಿನ್ ಸೆಲ್‌ನಲ್ಲಿ ಸುಮಾರು 220 ಮಿಲಿಆಂಪ್-ಅವರ್ ಇರುತ್ತದೆ. ಸರ್ಕ್ಯೂಟ್ 5 ಮೈಕ್ರೋಆಂಪ್ ಕುಡಿದರೆ ಲೆಕ್ಕದ ಪ್ರಕಾರ 5 ವರ್ಷ, 50 ಕುಡಿದರೆ 6 ತಿಂಗಳು. ಈ ಎರಡರ ನಡುವಿನ ವ್ಯತ್ಯಾಸವನ್ನು ಮೀಟರ್ ಸರಿಯಾಗಿ ತೋರಿಸುತ್ತದೆಯೇ ಎಂಬುದೇ ಪ್ರಶ್ನೆ. ನಾಲ್ಕು ದಾರಿಗಳನ್ನೂ ಒಂದೇ ಬೋರ್ಡಿನ ಮೇಲೆ ಹಾಕಿ ನೋಡಿದೆವು: 3 ವೋಲ್ಟಿನ ಎಟಿಮೆಗಾ 328ಪಿ ಮೈಕ್ರೋಕಂಟ್ರೋಲರ್ ಚಿಪ್, 8 ಸೆಕೆಂಡಿಗೊಮ್ಮೆ ಅದರೊಳಗಿನ ಟೈಮರ್ ಆದ ವಾಚ್‌ಡಾಗ್ ಎಬ್ಬಿಸುತ್ತದೆ, ಎದ್ದಾಗ ರೇಡಿಯೋ 5 ಮಿಲಿಸೆಕೆಂಡ್ ಕಾಲ 20 ಮಿಲಿಆಂಪ್ ಎಳೆಯುತ್ತದೆ. ವಾಚ್‌ಡಾಗ್ ಆನ್ ಇದ್ದಾಗ ಚಿಪ್ ಒಂದೇ ಸುಮಾರು 4 ಮೈಕ್ರೋಆಂಪ್ ತಿನ್ನುವುದು ಸಹಜ.

ಬೋರ್ಡ್ ಮುಟ್ಟುವ ಮೊದಲು ಒಂದು ಕೆಲಸ. ಅದರ ಜಾಗದಲ್ಲಿ 1 ಮೆಗಾಓಮ್, 1 ಪರ್ಸೆಂಟ್ ಮೆಟಲ್ ಫಿಲ್ಮ್ ರೆಸಿಸ್ಟರ್ ಇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲೂ ಸಿಗುತ್ತದೆ. 3 ವೋಲ್ಟಿಗೆ 3 ಮೈಕ್ರೋಆಂಪ್ ತೋರಿಸಲೇಬೇಕು. ಇದನ್ನೇ ಸರಿಯಾಗಿ ತೋರಿಸದ ಸೆಟಪ್ ಬೋರ್ಡಿನ ಬಗ್ಗೆ ಹೇಳುವುದನ್ನು ನಂಬಬೇಡಿ.

ಮಲ್ಟಿಮೀಟರಿನ ಮೈಕ್ರೋಆಂಪ್ ರೇಂಜ್ ಈ ಪರೀಕ್ಷೆಯಲ್ಲಿ ಸುಲಭವಾಗಿ ಪಾಸಾಗುತ್ತದೆ, ಬೋರ್ಡ್ ಹಾಕಿದಾಗ ಕೈ ಕೊಡುತ್ತದೆ. ಫ್ಲೂಕ್ 87ವಿ ಅಂಥ ಒಳ್ಳೆಯ ಮೀಟರಿನಲ್ಲೂ ಮೈಕ್ರೋಆಂಪಿಗೆ 100 ಮೈಕ್ರೋವೋಲ್ಟ್ ಬೀಳುತ್ತದೆ, ಅಂದರೆ ಒಳಗೆ 100 ಓಮ್. ನಿದ್ದೆಯಲ್ಲಿ ಅದು ಲೆಕ್ಕಕ್ಕಿಲ್ಲ. ರೇಡಿಯೋ ಎದ್ದು 20 ಮಿಲಿಆಂಪ್ ಎಳೆದ ಕ್ಷಣ 2 ವೋಲ್ಟ್ ಮೀಟರಿನಲ್ಲೇ ಉಳಿದು ಚಿಪ್ ರೀಸೆಟ್ ಆಗುತ್ತದೆ. ಆಮೇಲೆ ನೀವು ಅಳೆಯುತ್ತಿರುವುದು ನಿದ್ದೆಯನ್ನಲ್ಲ, ಮತ್ತೆ ಮತ್ತೆ ಬೂಟ್ ಆಗುವ ಚಿಪ್ಪನ್ನು. ಆಟೋರೇಂಜ್ (ಮೀಟರ್ ತಾನೇ ರೇಂಜ್ ಬದಲಿಸುವುದು) ಆನ್ ಇದ್ದರೆ ಇನ್ನೂ ಎಡವಟ್ಟು. ಮೊದಲ ನೋಟಕ್ಕೆ ಸಾಕು, ಅಷ್ಟೇ.

ಕಡಿಮೆ ಖರ್ಚಿನಲ್ಲಿ ನಮಗೆ ಹಿಡಿಸಿದ್ದು 1ಕೆ ರೆಸಿಸ್ಟರ್. ಪಾಸಿಟಿವ್ ಲೈನಿನಲ್ಲಿ ಅದನ್ನು ಸರಣಿಯಾಗಿ ಹಾಕಿ, ಅದರ ಎರಡು ತುದಿಗೆ ಮೀಟರನ್ನು 200 ಮಿಲಿವೋಲ್ಟ್ ರೇಂಜಿನಲ್ಲಿ ಇಡಿ. 1 ಮಿಲಿವೋಲ್ಟ್ ಅಂದರೆ 1 ಮೈಕ್ರೋಆಂಪ್, ಗುಣಾಕಾರದ ತಲೆನೋವಿಲ್ಲ. ಬೋರ್ಡಿನ ಕಡೆ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ರೇಡಿಯೋ ಒಮ್ಮೆ ಎದ್ದಾಗ ಬೇಕಾಗುವ 100 ಮೈಕ್ರೋಕೂಲಂಬನ್ನು ಅದೇ ಕೊಡುತ್ತದೆ, ವೋಲ್ಟೇಜ್ 0.2ರಷ್ಟೇ ಇಳಿಯುತ್ತದೆ. ಇಲ್ಲಿ ಅವಸರ ಮಾಡಬಾರದು. ಇಳಿದ ಆ 200 ಮಿಲಿವೋಲ್ಟ್ 1ಕೆ ಮೂಲಕ ಮತ್ತೆ ತುಂಬಿಕೊಳ್ಳುವವರೆಗೆ ಮೀಟರ್ ಹೆಚ್ಚು ತೋರಿಸುತ್ತಲೇ ಇರುತ್ತದೆ. ಟೈಮ್ ಕಾನ್‌ಸ್ಟಂಟ್ (ರೆಸಿಸ್ಟರ್ × ಕೆಪಾಸಿಟರ್) 0.47 ಸೆಕೆಂಡ್, ಅಂಥ ಒಂಬತ್ತು ಕಳೆಯಬೇಕು, ಅಂದರೆ 4 ಸೆಕೆಂಡಿಗೂ ಸ್ವಲ್ಪ ಹೆಚ್ಚು. 8 ಸೆಕೆಂಡಿನ ಸುತ್ತಿನಲ್ಲಿ ಕೊನೆಯ 3 ಸೆಕೆಂಡಿನ ಓದು ಮಾತ್ರ ನಿಜ.

ಮೊದಲ ಬಾರಿ ಪವರ್ ಕೊಡುವಾಗ ರೆಸಿಸ್ಟರಿಗೆ ಅಡ್ಡವಾಗಿ ಜಂಪರ್ ಹಾಕಿ, ಬೋರ್ಡ್ ಮಲಗಿದ ಮೇಲೆ ತೆಗೆಯಿರಿ. ಜಂಪರ್ ಬದಲು ಡಯೋಡ್ ಹಾಕುವುದಾದರೆ 1ಎನ್4007 ಸಾಕು, ಆದರೆ ಕರೆಂಟ್ ಏರಿದಾಗ ಅದರಲ್ಲಿ 0.7 ವೋಲ್ಟ್ ಹೋಗುತ್ತದೆ; ಬ್ರೌನ್‌ಔಟ್ (ಚಿಪ್ ರೀಸೆಟ್ ಆಗುವ ವೋಲ್ಟೇಜ್ ಮಿತಿ) 2.7ಕ್ಕೆ ಇಟ್ಟಿದ್ದರೆ ಮತ್ತೆ ರೀಸೆಟ್. ಶಾಟ್ಕಿ ಎಂಬ ಬಗೆಯ ಡಯೋಡ್ ಬೇಡವೇ ಬೇಡ. ಕೆಲವೇ ಮಿಲಿವೋಲ್ಟಿಗೆ ಅದು ಒಂದಿಷ್ಟು ಕರೆಂಟನ್ನು ತನ್ನೊಳಗಿಂದ ಬಿಟ್ಟುಬಿಡುತ್ತದೆ, ಅಷ್ಟು ನಿಮ್ಮ ಓದಿನಲ್ಲಿ ಕಡಿಮೆಯಾಗುತ್ತದೆ. ಕೆಪಾಸಿಟರಿನ ಸೋರಿಕೆಯೂ ಓದಿಗೆ ಸೇರುತ್ತದೆ. ಬೋರ್ಡ್ ತೆಗೆದು ಅದೊಂದನ್ನೇ ಅಳೆದು ಕಳೆಯಿರಿ.

1 ಮೈಕ್ರೋಆಂಪಿಗಿಂತ ಕೆಳಗೆ ಇಳಿದರೆ ಕೆಪಾಸಿಟರ್ ವಿಧಾನವೇ ಗಟ್ಟಿ. 470 ಮೈಕ್ರೋಫ್ಯಾರಡ್ ಅನ್ನು 3 ವೋಲ್ಟಿಗೆ ತುಂಬಿಸಿ, ಸಪ್ಲೈ ವೈರ್ ಕಿತ್ತು, ಬೋರ್ಡನ್ನು ಅದರ ಮೇಲೇ, ನಡುವೆ ಏಳದಂತೆ, ಮಲಗಲು ಬಿಡಿ. 0.3 ಮೈಕ್ರೋಆಂಪ್ ಇದ್ದರೆ 10 ನಿಮಿಷಕ್ಕೆ 0.38 ವೋಲ್ಟ್ ಇಳಿಯುತ್ತದೆ. ಮೀಟರನ್ನು ಶುರುವಿನಲ್ಲಿ ಮತ್ತು ಕೊನೆಯಲ್ಲಿ ಮಾತ್ರ ಮುಟ್ಟಿಸಿ. ಅದರ 10 ಮೆಗಾಓಮ್ ತಾನೇ 0.3 ಮೈಕ್ರೋಆಂಪ್ ಕುಡಿಯುತ್ತದೆ, ಹಚ್ಚಿಯೇ ಬಿಟ್ಟರೆ ಉತ್ತರ ಎರಡು ಪಟ್ಟಾಗುತ್ತದೆ. ಎಲೆಕ್ಟ್ರೋಲಿಟಿಕ್ ಆದರೆ ಹಿಂದಿನ ರಾತ್ರಿಯೇ 3 ವೋಲ್ಟಿಗೆ ಹಚ್ಚಿಡಿ, ಸೋರಿಕೆ ತಗ್ಗುತ್ತದೆ. ಮೇಲೆ ಬರೆದ 470 ನಿಜವಾಗಿ 400 ಇರಬಹುದು: 1 ಮೆಗಾಓಮ್ ಹಚ್ಚಿ 3 ವೋಲ್ಟ್ 1.1ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಬೇಕೋ ಅಷ್ಟೇ ಮೈಕ್ರೋಫ್ಯಾರಡ್.

ನಾರ್ಡಿಕ್‌ನ ಪಿಪಿಕೆ2 (ಪವರ್ ಪ್ರೊಫೈಲರ್ ಕಿಟ್ 2) ಎಂಬ ಕರೆಂಟ್ ಅಳೆಯುವ ಉಪಕರಣ ಯಾವ ಕಂಪನಿಯ ಚಿಪ್ಪಿಗೂ ಆಗುತ್ತದೆ. 0.8ರಿಂದ 5 ವೋಲ್ಟ್ ತಾನೇ ಕೊಡುತ್ತದೆ, ಸೆಕೆಂಡಿಗೆ 1 ಲಕ್ಷ ಸಲ ಅಳೆಯುತ್ತದೆ, ಒಳಗಿನ ಶಂಟನ್ನು (ಕರೆಂಟ್ ಅಳೆಯುವ ರೆಸಿಸ್ಟರ್) ತಾನೇ ಬದಲಿಸಿಕೊಳ್ಳುವುದರಿಂದ ಬೋರ್ಡ್ ರೀಸೆಟ್ ಆಗುವುದಿಲ್ಲ. ನಿದ್ದೆ, ಎಚ್ಚರ ಎರಡೂ ಒಂದೇ ಗ್ರಾಫಿನಲ್ಲಿ ಕಾಣುವುದರಿಂದ, ಚಿಪ್ ಏಳಬಾರದ ಹೊತ್ತಿನಲ್ಲಿ ಏಳುತ್ತಿದ್ದರೆ ತಕ್ಷಣ ಸಿಕ್ಕಿಬೀಳುತ್ತದೆ; ಉಳಿದ ಮೂರರಿಂದ ಇದು ಸಾಧ್ಯವಿಲ್ಲ. ಅಳತೆಯ ಕೆಳಮಿತಿ 200 ನ್ಯಾನೋಆಂಪ್. ಅದರ ಹತ್ತಿರದ ಅಂಕಿಗೆ ಕೆಪಾಸಿಟರಿನ ಸಾಕ್ಷಿ ಬೇಕು. ವಾರಕ್ಕೆ ಎರಡು ಬೋರ್ಡ್ ಅಳೆಯುವವರು ಇದನ್ನೇ ಕೊಳ್ಳಲಿ, ವರ್ಷಕ್ಕೆ ಎರಡು ಅಳೆಯುವವರಿಗೆ 1ಕೆ ಸಾಕು.

ಯಾವ ದಾರಿ ಹಿಡಿದರೂ ಯುಎಸ್‌ಬಿ-ಸೀರಿಯಲ್ ವೈರ್ ಮೊದಲು ಕೀಳಿ. ಅದರ ಟಿಎಕ್ಸ್ (ಡೇಟಾ ಕಳಿಸುವ) ಪಿನ್ ಚಿಪ್ಪಿನ ಒಳಗಿನ ರಕ್ಷಣಾ ಡಯೋಡ್ ಮೂಲಕ ಬೋರ್ಡಿಗೆ ಕರೆಂಟ್ ತಳ್ಳುತ್ತದೆ. ಓದು ಸೊನ್ನೆಯೋ ಮೈನಸ್ಸೋ ಬಂದರೆ ಇದೇ ಕಾರಣ. ಓದು 90 ಮೈಕ್ರೋಆಂಪ್ ಆಸುಪಾಸಿನಲ್ಲಿ ನಿಂತರೆ, ಪುಲ್‌ಅಪ್ (ಪಿನ್ನನ್ನು ಸಪ್ಲೈ ಕಡೆಗೆ ಎಳೆಯುವ ಒಳ ರೆಸಿಸ್ಟರ್) ಆನ್ ಇರುವ ಒಂದು ಪಿನ್ ಗ್ರೌಂಡಿಗೆ ಬಿದ್ದಿದೆಯೇ ನೋಡಿ. ಮಳೆಗಾಲದಲ್ಲಿ ಬೆಸುಗೆಯ ಫ್ಲಕ್ಸ್ ತೇವ ಹಿಡಿದು ಪಿನ್‌ಗಳ ನಡುವೆ 10 ಮೆಗಾಓಮ್ ಆದರೂ ಸಾಕು, 0.3 ಮೈಕ್ರೋಆಂಪ್ ಅಲ್ಲೇ ಹೋಯಿತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಷ್ ಹಾಕಿ ತಿಕ್ಕಿ, ಚೆನ್ನಾಗಿ ಒಣಗಿಸಿ, ಮತ್ತೆ ಅಳೆಯಿರಿ.