ರಟ್ಟಿನ ಡಬ್ಬಿಯೋ, ಹೆಡ್‌ಸೆಟ್ಟೋ? ವಿಆರ್‌ನಲ್ಲಿ ನೃತ್ಯ ನೋಡುವವರಿಗೆ

ಮಡಿಕೇರಿಯಿಂದ ಬೆಂಗಳೂರಿಗೆ ಹೆಚ್ಚುಕಡಿಮೆ 260 ಕಿಲೋಮೀಟರ್. ಅಟ್ಟಕ್ಕಲರಿಯಂಥ ತಂಡದ ಸಮಕಾಲೀನ ನೃತ್ಯ ನೋಡಬೇಕೆಂದರೆ ನಮಗೆ ಆ ದಾರಿಯೇ ಗತಿ. ಮಳೆಗಾಲದಲ್ಲಿ ತೋಟ ಬಿಟ್ಟು ಹೊರಡೋದು ಸುಲಭವಲ್ಲ. ಹಾಗಾಗಿ ಮನೆಯಲ್ಲೇ ವಿಆರ್‌ನಲ್ಲಿ, ಅಂದರೆ ದೃಶ್ಯದ ಒಳಗೇ ಇದ್ದ ಹಾಗೆ ತೋರಿಸುವ ವರ್ಚುವಲ್ ರಿಯಾಲಿಟಿಯಲ್ಲಿ, ನೋಡೋಕೆ ಶುರುಮಾಡಿದೆ. ಮೂರು ಬಗೆಯಲ್ಲಿ ನೋಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಮನಸ್ಸು ಗೆದ್ದಿದ್ದು ಕೊನೆಯದು.

ಅಗ್ಗದ್ದು ಫೋನ್ ಸಿಕ್ಕಿಸುವ ರಟ್ಟಿನ ಡಬ್ಬಿ. ಗೂಗಲ್ 2014ರಲ್ಲಿ ತಂದು 2021ರಲ್ಲಿ ಮಾರಾಟ ನಿಲ್ಲಿಸಿತು. ಅದೇ ಥರದವು ಆನ್‌ಲೈನ್‌ನಲ್ಲಿ ಈಗಲೂ ಸಿಗುತ್ತವೆ. ಯೂಟ್ಯೂಬ್‌ನ 360 ಡಿಗ್ರಿ ನೃತ್ಯ ವಿಡಿಯೊ ಹಾಕಿ ತಲೆ ತಿರುಗಿಸಿದರೆ ಸುತ್ತಲೂ ಕಾಣುತ್ತದೆ. ಆದರೆ ಕಲಾವಿದರ ಮುಖ ಮಸುಕು. ಲೆಕ್ಕ ಇಷ್ಟೇ: 4ಕೆ ವಿಡಿಯೊದಲ್ಲಿ ಅಡ್ಡಕ್ಕೆ ಇರುವ 3840 ಚುಕ್ಕಿಗಳು (ಪಿಕ್ಸೆಲ್) ಇಡೀ ಸುತ್ತಿಗೆ ಹಂಚಿಹೋಗುತ್ತವೆ. ಒಂದು ಸಲಕ್ಕೆ ನಮಗೆ ಕಾಣೋದು ಅದರ ಕಾಲುಭಾಗ, ಅಂದರೆ ಸಾವಿರದ ಆಸುಪಾಸು. ಕೈಬೆರಳಿನ ಕೆಲಸವೆಲ್ಲ ಅದರಲ್ಲೇ ಕರಗಿಹೋಗುತ್ತದೆ. ಫೋನೂ ಬೇಗ ಬಿಸಿಯಾಗುತ್ತದೆ. ವಿಆರ್ ಅಂದರೇನು ಅಂತ ತಿಳಿಯೋಕೆ ಸಾಕು, ಒಂದು ಪೂರ್ತಿ ಪ್ರದರ್ಶನಕ್ಕೆ ಸಾಲದು.

ಎರಡನೆಯದು ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್‌ನಲ್ಲಿ ವಿಡಿಯೊ ನೋಡೋದು. ನನ್ನದು ಕ್ವೆಸ್ಟ್ 2. ಒಂದೊಂದು ಕಣ್ಣಿಗೆ 1832ಕ್ಕೆ 1920 ಚುಕ್ಕಿ, ಚಿತ್ರ ಎಷ್ಟೋ ವಾಸಿ. ಆದರೂ ಎಲ್ಲಕ್ಕಿಂತ ಮುಖ್ಯ ಕ್ಯಾಮೆರಾ ಎಲ್ಲಿ ನಿಂತಿದೆ ಅನ್ನೋದು. ವೇದಿಕೆಗೆಂದು ಕಟ್ಟಿದ ನೃತ್ಯವನ್ನು 360ರಲ್ಲಿ ಹಿಡಿದರೆ ನಮ್ಮ ಬೆನ್ನ ಹಿಂದೆ ಖಾಲಿ ಕುರ್ಚಿಗಳು, ಅಷ್ಟೇ. ಅಂಥದಕ್ಕೆ ಮುಂದಿನ ಅರ್ಧ ಸುತ್ತನ್ನಷ್ಟೇ ತೋರಿಸುವ 180 ಡಿಗ್ರಿಯೇ ಸರಿ. ಆಳ ಚೆನ್ನಾಗಿ ಗೊತ್ತಾಗುತ್ತದೆ, ಮುಂದಿನ ಸಾಲಲ್ಲಿ ಕೂತ ಹಾಗಿರುತ್ತದೆ.

360ಕ್ಕೆ ಬೇರೆಯದೇ ನೃತ್ಯ ಬೇಕು. ನಮ್ಮ ಕೊಡವರ ಬೊಳಕಾಟ್‌ ಕುಣಿತದಲ್ಲಿ ಗಂಡಸರು ಚವರಿ ಹಿಡಿದು ದೀಪದ ಸುತ್ತ ಕುಣಿಯುತ್ತಾರಲ್ಲ, ಆ ದೀಪದ ಜಾಗದಲ್ಲಿ ಕ್ಯಾಮೆರಾ ಇರಬೇಕು. ಡಚ್ ನ್ಯಾಷನಲ್ ಬ್ಯಾಲೆ 2016ರಲ್ಲಿ ವಿಆರ್‌ಗೆಂದೇ ಒಂದು ಬ್ಯಾಲೆ ಮಾಡಿದಾಗ ಲೋಕಕ್ಕೆಲ್ಲ ಇದು ಹೊಸತಾಗಿತ್ತು. ದುಂಡಗೆ ನಿಂತು ಆಡೋದು, ನೋಡೋದು ನಮ್ಮ ಮಂದ್‌ಗಳಲ್ಲಿ, ಅಂದರೆ ಊರಿನ ಬಯಲುಗಳಲ್ಲಿ, ಮೊದಲಿಂದ ಇದೆ, ಅಲ್ವಾ? ಇಲ್ಲೂ ಒಂದು ತೊಂದರೆ ಇದೆ. ಎರಡು ಲೆನ್ಸ್‌ಗಳ ಚಿತ್ರ ಕೂಡುವ ಗೆರೆಗೆ ಕಲಾವಿದೆ ತೀರಾ ಹತ್ತಿರ ಬಂದರೆ ತೋಳು ಮೊಣಕೈ ಹತ್ತಿರ ಮುರಿದ ಹಾಗೆ ಕಾಣುತ್ತದೆ. ಇನ್ನು, ನಾವು ಮುಂದಕ್ಕೆ ಬಾಗಿದರೆ ಇಡೀ ಲೋಕವೇ ನಮ್ಮ ಜೊತೆ ಬಾಗುತ್ತದೆ. ತಲೆ ಸುತ್ತೋದಕ್ಕೆ ಇದೂ ಒಂದು ಕಾರಣ.

ಮೂರನೆಯದು ಅದೇ ಹೆಡ್‌ಸೆಟ್‌ನಲ್ಲಿ, ಆದರೆ ನಡೆದಾಡಿ ನೋಡೋದು. ಇದರಲ್ಲಿ ಆ ಕಷ್ಟವಿಲ್ಲ. ಕಲಾವಿದರ ಮೈಗೆ ಗುರುತುಗಳನ್ನು ಅಂಟಿಸಿ, ಸುತ್ತಲೂ ಕ್ಯಾಮೆರಾ ಇಟ್ಟು ಚಲನೆಯನ್ನು ಮಾತ್ರ ದಾಖಲು ಮಾಡುತ್ತಾರೆ. ಆಮೇಲೆ ಅದನ್ನು ಕಂಪ್ಯೂಟರ್‌ನಲ್ಲಿ ಮಾಡಿದ ದೇಹಗಳಿಗೆ ತೊಡಿಸುತ್ತಾರೆ. ಜಿನೀವಾದ ಝಿಲ್ ಝೋಬಾಂ ತಂಡ 2017ರಲ್ಲಿ ಹೀಗೆ ಮಾಡಿದ ಪ್ರದರ್ಶನದೊಳಗೆ ಐದು ಜನ ಒಟ್ಟಿಗೆ ಓಡಾಡಬಹುದಿತ್ತು. ಅದಕ್ಕೆ ದೊಡ್ಡ ಜಾಗವೇ ಬೇಕು. ಮನೆಯಲ್ಲಿ ನಾನು ನೋಡೋದು ಒಬ್ಬರೇ ನೋಡುವ ಚಿಕ್ಕ ತುಣುಕುಗಳು. ಅಷ್ಟರಲ್ಲೇ ನಾನು ಸೋತುಹೋದೆ. ಕೆಳಗೆ ಕುಕ್ಕರುಗಾಲಲ್ಲಿ ಕೂತು ಕುಣಿಯುವವರ ಪಾದದ ಹತ್ತಿರ ಮುಖ ತಂದೆ. ತಿರುಗುವ ಮುಂಚೆ ಭಾರ ಹಿಮ್ಮಡಿಯಿಂದ ಮುಂಗಾಲಿಗೆ ಜಾರೋದು ಕಾಣಿಸಿತು. ಯಾವ ರಂಗಮಂದಿರದಲ್ಲೂ ಅಷ್ಟು ಹತ್ತಿರ ಹೋಗೋಕಾಗಲ್ಲ. ಕೊರತೆ ಅಂದರೆ ಮುಖದಲ್ಲಿ ಭಾವವಿಲ್ಲ, ಉಸಿರಿನ ಸದ್ದಿಲ್ಲ. ಸಮಕಾಲೀನ ನೃತ್ಯದಲ್ಲಿ ಉಸಿರು ತಾಳದಷ್ಟೇ ದೊಡ್ಡದು, ಹಾಗಾಗಿ ಈ ಕೊರತೆ ನನ್ನನ್ನು ನಿಜಕ್ಕೂ ಕಾಡುತ್ತದೆ.

ಪಕ್ಕದ ಮನೆಯ ಅಕ್ಕ ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್ ಆಡುವವರು. ಎಲ್ಲವನ್ನೂ ಹಾಕಿಕೊಂಡು ನೋಡಿದರು. ಅವರಿಗೆ ಹಿಡಿಸಿದ್ದು 180 ವಿಡಿಯೊ. "ಮುಖ ಕಾಣದಿದ್ರೆ ನಂಗೆ ಆಟ ಅನ್ಸಲ್ಲ" ಅಂದರು. ಒಪ್ಪಬೇಕಾದ ಮಾತು, ಆದರೂ ನನ್ನ ಆಯ್ಕೆ ಬದಲಾಗಿಲ್ಲ.

ನಮ್ಮ ಕಡೆಯವರಿಗೆ ಒಂದೆರಡು ಮಾತು. ನಡೆದಾಡಿ ನೋಡೋಕೆ ಎರಡು ಮೀಟರ್ ಉದ್ದಗಲದ ಖಾಲಿ ಜಾಗ ಬೇಕು. ಬೆಳಕೂ ಬೇಕು. ಹೆಡ್‌ಸೆಟ್ ತನ್ನ ಕ್ಯಾಮೆರಾಗಳಿಂದ ಕೋಣೆಯನ್ನು ನೋಡಿಯೇ ನಾವು ಎಲ್ಲಿದ್ದೇವೆ ಅಂತ ತಿಳಿಯೋದು, ಕತ್ತಲಾದರೆ ಜಾಡು ತಪ್ಪುತ್ತದೆ. ಜುಲೈಯಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಬ್ಯಾಟರಿ ನಿಲ್ಲೋದು ಎರಡರಿಂದ ಮೂರು ಗಂಟೆ. ನೋಡಬೇಕಾದ್ದನ್ನು ನೆಟ್‌ವರ್ಕ್ ಸರಿಯಿದ್ದಾಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಲೆನ್ಸಿಗೆ ತೇವ ಕೂತರೆ ಕನ್ನಡಕ ಒರೆಸುವ ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಸೆರಗು ಬೇಡ.